ಕತ್ತಿ ಹೋದ ಮೇಲೂ ಉಳಿದ ಉಳಿ

1876ರಲ್ಲಿ ಜಪಾನ್ ಸರ್ಕಾರ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಓಡಾಡಬಾರದೆಂದು ಆಜ್ಞೆ ಹೊರಡಿಸಿತು. ಸೈನಿಕರಿಗೂ ಪೊಲೀಸರಿಗೂ ವಿನಾಯಿತಿ. ಸಮುರಾಯಿಗಳ ಮುಖಭಂಗದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಕತ್ತಿಗಳಿಗೆ ‘ತ್ಸುಬಾ’ ಮಾಡಿಕೊಡುತ್ತಿದ್ದವರ ಹೊಟ್ಟೆಪಾಡು ಏನಾಯಿತೆಂದು ಕೇಳುವವರು ಕಡಿಮೆ. ತ್ಸುಬಾ ಎಂದರೆ ಅಲಗಿಗೂ ಹಿಡಿಗೂ ನಡುವೆ ಕೂರುವ, ಅಂಗೈಯಲ್ಲಿ ಹಿಡಿಸುವಷ್ಟೇ ದೊಡ್ಡದಾದ ಲೋಹದ ಬಿಲ್ಲೆ.

ಅವರಲ್ಲಿ ಕಾನೋ ನಾತ್ಸುಓ (1828–1898) ಅದೃಷ್ಟವಂತ. ಕ್ಯೋಟೋದಲ್ಲಿ ಹುಟ್ಟಿ, ಕತ್ತಿ ವ್ಯಾಪಾರಿಯ ಮನೆಗೆ ದತ್ತು ಹೋದ ಹುಡುಗ. ಹೊಸ ಸರ್ಕಾರಕ್ಕೆ ಹೊಸ ನಾಣ್ಯ ಬೇಕಾದಾಗ ಇವನ ಉಳಿಗೆ ಕರೆ ಬಂತು. ಆ ಕಾಲದ ಬೆಳ್ಳಿ ಯೆನ್ ಮೇಲೆ ಸುರುಳಿ ಸುತ್ತಿರುವ ಡ್ರ್ಯಾಗನ್ ಇವನ ಕೈಯದು.

ನನಗೆ ಮಾತ್ರ ನಾಣ್ಯಕ್ಕಿಂತ ಅವನ ‘ಕಾತಾಕಿರಿ’ ಕೆತ್ತನೆಯೇ ಇಷ್ಟ. ಇದರಲ್ಲಿ ಉಳಿಯನ್ನು ಓರೆ ಹಿಡಿದು ಹೊಡೆಯುತ್ತಾರೆ. ಗೀರಿನ ಒಂದು ಗೋಡೆ ನೆಟ್ಟಗೆ, ಇನ್ನೊಂದು ಇಳಿಜಾರು. ಆಳ ಹೆಚ್ಚಿದಂತೆ ಗೆರೆ ದಪ್ಪವಾಗುತ್ತದೆ, ಕಡಿಮೆಯಾದಂತೆ ಸಣ್ಣದಾಗುತ್ತದೆ. ನೋಡಿದರೆ ಕುಂಚ ಓಡಾಡಿದ ಹಾಗೆ. ನಾತ್ಸುಓ ಚಿಕ್ಕಂದಿನಲ್ಲಿ ಚಿತ್ರಕಲೆಯನ್ನೂ ಗುರುಮುಖೇನ ಕಲಿತವನು. ಅದು ಇಲ್ಲಿ ಕಾಣುತ್ತದೆ. ತಪ್ಪಿದರೆ ಅಳಿಸುವ ಹಾಗಿಲ್ಲ. ಕೆತ್ತನೆಯ ನೆಲವಾಗಿ, ತಾಮ್ರಕ್ಕೆ ತುಸು ಚಿನ್ನ ಬೆರೆಸಿದ ‘ಶಾಕುದೋ’. ರಾಸಾಯನಿಕ ದ್ರಾವಣದಲ್ಲಿ ಕುದಿಸಿದರೆ ನೇರಳೆ ಛಾಯೆಯ ಕಪ್ಪು ಬರುತ್ತದೆ. ಅರ್ಧದಷ್ಟು ಜಾಗ ಖಾಲಿ ಬಿಡುವ ಧೈರ್ಯವೂ ಅವನಿಗಿತ್ತು.

ಇಂಥ ಕೆಲಸಕ್ಕೆ ಕೊನೆಗಾಲದಲ್ಲಿ ಸಿಕ್ಕ ಗೆಳೆಯನೆಂದರೆ ಮಿತ್ಸುಮುರಾ ತೋಶಿಮೋ. 1877ರಲ್ಲಿ, ಅಂದರೆ ಆಜ್ಞೆ ಹೊರಟ ಮರುವರ್ಷ ಹುಟ್ಟಿದವನು. ಸೊಂಟದಲ್ಲಿ ಕತ್ತಿ ಕಟ್ಟುವ ಕಾಲವನ್ನೇ ಕಾಣದವನಿಗೆ ಅದರ ಒಡವೆಗಳ ಹುಚ್ಚು ಹಿಡಿಯಿತು! ಕೋಬೆಯ ಶ್ರೀಮಂತ ವ್ಯಾಪಾರಿಯ ಮಗ. ಹದಿಹರೆಯದಲ್ಲೇ ತಂದೆಯ ಆಸ್ತಿ ಕೈಗೆ ಬಂತು. ನಾತ್ಸುಓ ತೀರಿಕೊಂಡಾಗ ಇವನಿನ್ನೂ ಇಪ್ಪತ್ತರ ಆಸುಪಾಸಿನವನು. ಆ ಹಿರಿಯನ ಕೃತಿಗಳನ್ನೂ ಕೊಂಡ, ಬದುಕಿದ್ದ ಕುಶಲಕರ್ಮಿಗಳಿಗೆ ಹೊಸ ಕೆಲಸವನ್ನೂ ಕೊಟ್ಟ. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡದು. ಹಳೆಯದನ್ನು ಕೊಂಡರೆ ಲಾಭ ವರ್ತಕನಿಗೆ. ಹೊಸದನ್ನು ಮಾಡಿಸಿದರೆ ಕುಲುಮೆಯಲ್ಲಿ ಬೆಂಕಿ ಇರುತ್ತದೆ.

ಛಾಯಾಗ್ರಹಣ ಮತ್ತು ಮುದ್ರಣ ಅವನ ಇನ್ನೆರಡು ಗೀಳು. 1901ರಲ್ಲಿ ಮುದ್ರಣಾಲಯವನ್ನೇ ಶುರು ಮಾಡಿದ. ತನ್ನ ಸಂಗ್ರಹದ ಚಿತ್ರಗಳನ್ನು ‘ತಾಗಾನೆ ನೋ ಹಾನಾ’ ಎಂಬ ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಲೆಕ್ಕಪತ್ರದಲ್ಲಿ ಅಷ್ಟು ಶ್ರದ್ಧೆ ಇದ್ದ ಹಾಗೆ ಕಾಣೆ. ವ್ಯವಹಾರ ಕುಸಿಯಿತು, 1909ರಲ್ಲಿ ಸಂಗ್ರಹವನ್ನು ಮಾರಬೇಕಾಯಿತು. ಸುಮಾರು 3,000 ವಸ್ತುಗಳು. ರೈಲ್ವೆ ಉದ್ಯಮಿ ನೆಝು ಕಾಯಿಚಿರೋ ಬಿಡಿಬಿಡಿಯಾಗಿ ಚೌಕಾಸಿ ಮಾಡದೆ ಇಡಿಯಾಗಿ ಕೊಂಡುಬಿಟ್ಟ. ಅವುಗಳಲ್ಲಿ ಸುಮಾರು 1,200 ಇಂದಿಗೂ ಟೋಕಿಯೋದ ನೆಝು ವಸ್ತುಸಂಗ್ರಹಾಲಯದಲ್ಲಿವೆ.

ಅಲ್ಲಿಗೆ ಹೋಗುವವರಿಗೆ ಒಂದು ಮಾತು. ಈ ವಸ್ತುಗಳು ಸದಾ ಪ್ರದರ್ಶನದಲ್ಲಿರುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ನಾತ್ಸುಓನ ಕೆಲಸ ಕಂಡರೆ ಎದುರಿಗೆ ನಿಂತು ನೋಡಿ ಮುಂದೆ ಹೋಗಬೇಡಿ. ಬಗ್ಗಿ, ಪಕ್ಕದಿಂದ ನೋಡಿ. ಗೀರಿನ ಆಳ ಆಗಲೇ ತಿಳಿಯುವುದು.