ಕಡಿಮೆ ಬೆಲೆಯ ಲ್ಯಾಪ್‌ಟಾಪಿಗೆ ನಾಲ್ಕನೇ ವರ್ಷದ ಲೆಕ್ಕ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮೇಲೆ ದುಡಿಯುವವರ ಮನೆಯಲ್ಲಿ ಮಗಳು ಬಿ.ಕಾಂ.ಗೆ ಸೇರಿದಳು, ಮಗ ಡಿಪ್ಲೊಮಾಗೆ ಸೇರಿದ ಎಂದರೆ ಅದರ ಬೆನ್ನಿಗೇ ಲ್ಯಾಪ್‌ಟಾಪಿನ ಮಾತು ಬರುತ್ತದೆ. ಬೈಕಿನ ಸಾಲ ತೀರುವಷ್ಟರಲ್ಲಿ ಮತ್ತೊಂದು ಇಎಂಐ. ಆ ಯಂತ್ರ ಮೂರು ವರ್ಷದ ಓದಿಗೂ ಆಮೇಲೆ ಕೆಲಸ ಹುಡುಕುವ ವರ್ಷಕ್ಕೂ ಆಗಿಬರಬೇಕು. ಇಷ್ಟು ಕಾಲ ಬಾಳಬೇಕಾದ ವಸ್ತುವನ್ನು ನಮ್ಮ ಕಡೆ ಆರಿಸುವುದು ಅಂಗಡಿಯ ಕೌಂಟರಿನ ಮುಂದೆ, ಹತ್ತೇ ನಿಮಿಷದಲ್ಲಿ, ಬೆಲೆ ಮತ್ತು ಕಂಪನಿಯ ಹೆಸರು ನೋಡಿಕೊಂಡು. ಈ ಪದ್ಧತಿಯ ಮೇಲೆ ನನಗೆ ಗಟ್ಟಿಯಾದ ತಕರಾರಿದೆ. ಅಗ್ಗದ ಲ್ಯಾಪ್‌ಟಾಪಿನಲ್ಲಿ ಖರ್ಚು ಉಳಿಸುವುದೇ ಮೊದಲ ದಿನ ಕಣ್ಣಿಗೆ ಬೀಳದ ಜಾಗಗಳಲ್ಲಿ. ಅಂಗಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ನಾಲ್ಕನೇ ವರ್ಷ ಹೇಗೆ ಓಡೀತು ಎಂಬುದರ ಮೇಲೆ ಅದನ್ನು ತೂಗಬೇಕು.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲನ್ನೇ ನೋಡೋಣ. ಎರಡು ಕೋರ್‌ಗಳ ಸೆಲೆರಾನ್ ಎನ್4020, 4 ಜಿಬಿ ರ‍್ಯಾಮ್, 64 ಜಿಬಿಯ ಇಎಂಎಂಸಿ ಸಂಗ್ರಹ. ವಿಂಡೋಸ್ 11ಕ್ಕೆ ಬೇಕೇ ಬೇಕು ಎಂದು ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಪ್ರಮಾಣವೂ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗವೇ. ಅಂದರೆ ಕೊಂಡ ದಿನವೇ ಯಂತ್ರ ತನ್ನ ಕೊನೆಯ ಗೆರೆಯ ಮೇಲೆ ನಿಂತಿರುತ್ತದೆ. ಕ್ರೋಮ್‌ನಲ್ಲಿ ನಾಲ್ಕು ಟ್ಯಾಬ್ ತೆರೆದು, ಪಕ್ಕದಲ್ಲಿ ಎಕ್ಸೆಲ್ ಇಟ್ಟುಕೊಂಡರೆ ರ‍್ಯಾಮ್ ತುಂಬುತ್ತದೆ. ತುಂಬಿದ್ದನ್ನು ವಿಂಡೋಸ್ ಸಂಗ್ರಹದ ಕಡೆಗೆ ಸಾಗಿಸಿ, ಬೇಕಾದಾಗ ವಾಪಸ್ ತರುತ್ತದೆ. ಆ ಸಂಗ್ರಹವೇ ನಿಧಾನದ್ದು: ಇಎಂಎಂಸಿ 5.1ರ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ, ಸಾಮಾನ್ಯ ಎನ್‌ವಿಎಂಇ ಎಸ್‌ಎಸ್‌ಡಿ ಓದುವುದು 2000 ಎಂಬಿಗೂ ಮೇಲೆ. ಕೀಲಿ ಒತ್ತಿ ಅಕ್ಷರ ಮೂಡಲು ಕಾಯುವ ಸ್ಥಿತಿ ಬರುವುದು ಹೀಗೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದೆ ಫೋಟೊ, ಪಾಠದ ಫೈಲುಗಳನ್ನು ಅಳಿಸಬೇಕಾಗುತ್ತದೆ. ರಿಪೇರಿ ಅಂಗಡಿಗೆ ಒಯ್ದರೂ ಮಾಡುವುದು ಕಡಿಮೆ. ಇಂಥವುಗಳಲ್ಲಿ ಸಂಗ್ರಹವನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಎಷ್ಟೋ ಮಾದರಿಗಳಲ್ಲಿ ರ‍್ಯಾಮನ್ನೂ ಕೂಡ.

2023ರ ಜುಲೈ ಕೊನೆಯಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್ ಬೇರೆ ಜಾತಿಯದು, ಅದನ್ನು ಬೇರೆಯಾಗಿಯೇ ತೂಗುವುದು ನ್ಯಾಯ. ತೂಕ 990 ಗ್ರಾಂ, 11.6 ಇಂಚಿನ ಪರದೆ, ಒಳಗೇ 4ಜಿ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವ ಹುಡುಗರ ಚೀಲಕ್ಕೆ ಭಾರವಾಗದು. ಪಾಠದ ವಿಡಿಯೊ, ಪಿಡಿಎಫ್, ಇಮೇಲ್‌ಗೆ ಧಾರಾಳವಾಗಿ ಸಾಕು. ಆದರೆ ಅದರಲ್ಲಿರುವುದು ಆಂಡ್ರಾಯ್ಡ್ ಆಧಾರದ ಜಿಯೋಓಎಸ್. ವಾಣಿಜ್ಯ ಓದುವವರಿಗೆ ಕೆಲಸ ಕೊಡಿಸುವ ಟ್ಯಾಲಿ ಬೆಂಗಳೂರಿನದೇ ಕಂಪನಿಯ ತಂತ್ರಾಂಶ, ಅದನ್ನು ಬರೆದಿರುವುದು ವಿಂಡೋಸ್‌ಗೆ. ಕನ್ನಡ ಗಣಕ ಪರಿಷತ್ತಿನ ನುಡಿಯೂ ವಿಂಡೋಸ್‌ಗೆ ಮಾಡಿದ್ದೇ. ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿ, ಮುದ್ರಣಾಲಯಗಳಲ್ಲಿ ಇಂದಿಗೂ ನುಡಿ ಫಾಂಟಿನ ಹಳೆಯ ಫೈಲುಗಳು ಓಡಾಡುತ್ತಿವೆ. ಎರಡೂ ಓಡದ ಯಂತ್ರ ಬಿ.ಕಾಂ. ಹುಡುಗಿಗೆ ದಿನಬಳಕೆಯದಲ್ಲ. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆಂದು 1.55 ಲಕ್ಷ ಟ್ಯಾಬ್ಲೆಟ್ ಹಂಚಲು ಹೊರಟಾಗಲೂ ಇದೇ ಕೊರತೆಯಿತ್ತು. ಕೋವಿಡ್ ಕಾಲದಲ್ಲಿ ಪಾಠ ಕೇಳುವುದಕ್ಕೆ ಅದು ನೆರವಾಗಿರಬಹುದು, ನಿಜ. ಕೂತು ಲೆಕ್ಕ ಬರೆಯುವ, ಪ್ರಾಜೆಕ್ಟ್ ವರದಿ ಟೈಪ್ ಮಾಡುವ ಕೆಲಸಕ್ಕೆ ಅದು ಆಗದು.

ಇನ್ನು ಪ್ರೊಸೆಸರ್ ಹೆಸರುಗಳು. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ‘ರೈಜೆನ್ 5 ಸಾರ್, ಸೆವೆನ್ ಥೌಸಂಡ್ ಸೀರೀಸ್’ ಎಂದು ಅಂಗಡಿಯ ಹುಡುಗ ಸ್ಟಿಕ್ಕರ್ ತೋರಿಸುತ್ತಾನೆ, ತಪ್ಪು ಅವನದಲ್ಲ. ಆದರೆ ರೈಜೆನ್ 5 7520ಯು ಎಂಬುದರ ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸದ ನಾಲ್ಕು ಕೋರ್‌ಗಳು. ಸಂಖ್ಯೆಯಲ್ಲಿ ಚಿಕ್ಕದಾಗಿ ಕಾಣುವ ರೈಜೆನ್ 5 5625ಯುನಲ್ಲಿ ಹೊಸ ಝೆನ್ 3 ವಿನ್ಯಾಸದ ಆರು ಕೋರ್‌ಗಳಿವೆ. ಎಎಂಡಿಯ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೆಯ ಅಂಕಿ ವಿನ್ಯಾಸದ ತಲೆಮಾರನ್ನು ಹೇಳುತ್ತದೆ, ಸ್ಟಿಕ್ಕರಿನ ಮೇಲೆ ಆ ಅಂಕಿಯೇ ಇರುವುದಿಲ್ಲ. 7520ಯುಗೂ ಅದರ ತಮ್ಮ 7320ಯುಗೂ ಹೊಂದುವುದು ಬೋರ್ಡಿಗೆ ಬೆಸೆಯುವ ಎಲ್‌ಪಿಡಿಡಿಆರ್5 ರ‍್ಯಾಮ್ ಮಾತ್ರ. 8 ಜಿಬಿ ಎಂದು ಕೊಂಡರೆ ಕೊನೆಯವರೆಗೂ 8 ಜಿಬಿಯೇ. ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನೇ ಪರೀಕ್ಷೆಗೆ ಒಡ್ಡಲು ಸಮಿತಿ ರಚಿಸಿದವರು. ಅವರ ನೆಲದ ಮಕ್ಕಳು ಒಂದು ಸ್ಟಿಕ್ಕರನ್ನು ಪ್ರಶ್ನಿಸದೆ ಬಿಡಬಾರದು.

ಹಾಗಾದರೆ ಹೊಸದರಲ್ಲಿ ಯಾವುದು? ನನ್ನ ಮಟ್ಟಿಗೆ ಇಂಟೆಲ್‌ನ ಕೋರ್ ಐ3-1215ಯು, ಇಲ್ಲವೇ ಮೇಲೆ ಹೇಳಿದ 5625ಯು, ಈ ಅಂತಸ್ತಿನವು ದಿನಬಳಕೆಗೆ ನಿಶ್ಚಿಂತೆಯವು. ಐ3 ಎಂದು ಮೂಗು ಮುರಿಯುವವರಿದ್ದಾರೆ, ಆದರೆ 2022ರ ಆ ಐ3ಯಲ್ಲಿ ಆರು ಕೋರ್‌ಗಳಿವೆ. ಜೊತೆಗೆ ಎನ್‌ವಿಎಂಇ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್. ಎಲ್ಲಕ್ಕಿಂತ ಮುಖ್ಯವಾಗಿ, ಖಾಲಿ ಬಿಟ್ಟ ಒಂದು ರ‍್ಯಾಮ್ ಸ್ಲಾಟ್. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿ ಕೂತಿದೆ. ಈಗಲೇ 16 ಜಿಬಿಗೆ ದುಡ್ಡು ಸುರಿಯುವ ಬದಲು 8ರಲ್ಲಿ ಶುರುಮಾಡಿ, ಬೆಲೆ ಇಳಿದಾಗ ಇನ್ನೊಂದು ತುಂಡು ಹಾಕಿಸಿಕೊಳ್ಳುವ ದಾರಿ ತೆರೆದಿರಬೇಕು. ಪರದೆಯ ವಿಚಾರದಲ್ಲಿ ಈ ಬೆಲೆಗೆ ಹೆಚ್ಚು ಆಸೆ ಬೇಡ: 250 ನಿಟ್ಸ್ ಬೆಳಕು, ಮಂಕು ಬಣ್ಣ. ಪಕ್ಕದಿಂದ ನೋಡಿದರೆ ಮಾಸಿ ಕಾಣುವ ಟಿಎನ್ ಪರದೆಯೊಂದನ್ನು ಬಿಟ್ಟುಬಿಡಿ, ಅಷ್ಟು ಸಾಕು. ಬ್ಯಾಟರಿಯನ್ನು ಮಾತ್ರ ಗಂಟೆಗಳಲ್ಲಿ ಕೇಳದೆ ವಾಟ್-ಅವರ್‌ನಲ್ಲಿ ಕೇಳಿ. ಸಂಜೆ ಕರೆಂಟ್ ಹೋಗುವ ಹಳ್ಳಿಗಳಲ್ಲಿ 36ಕ್ಕೂ 50ಕ್ಕೂ ಇರುವ ಅಂತರ ದೊಡ್ಡದು.

ಅಷ್ಟು ದುಡ್ಡು ಹೊಂದಿಸಲಾಗದವರಿಗೆ ಹೊಸ ಸೆಲೆರಾನ್‌ಗಿಂತ ಹಳೆಯ ಆಫೀಸ್ ಲ್ಯಾಪ್‌ಟಾಪೇ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಕೈಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ದಿನವಿಡೀ ಬಳಸಲೆಂದೇ ಕಟ್ಟಿದ ಯಂತ್ರಗಳವು, ಕೀಬೋರ್ಡ್ ಹೆಚ್ಚು ಗಟ್ಟಿ. ಥಿಂಕ್‌ಪ್ಯಾಡ್ ಟಿ480ರಲ್ಲಿ ಎರಡು ರ‍್ಯಾಮ್ ಸ್ಲಾಟ್‌ಗಳಿವೆ, ಹಿಂಬದಿಯ ಬ್ಯಾಟರಿಯನ್ನು ಕೈಯಲ್ಲೇ ಬಿಚ್ಚಬಹುದು. ಆದರೆ ಇಲ್ಲೊಂದು ಹಳ್ಳವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಹೆಚ್ಚುಕಡಿಮೆ, ಇಂಟೆಲ್‌ನ 8ನೇ ತಲೆಮಾರಿನಿಂದ ಮುಂದಿನವನ್ನು. ಐ5-8350ಯು ಆದೀತು, ಐ5-7300ಯು ಆಗದು, ಅದು ಎಷ್ಟು ಸೋವಿಯಾದರೂ ಸರಿ. ಲಿನಕ್ಸ್ ಹಾಕಿ ಬಳಸಬಲ್ಲವರಿಗೆ ಆ ಹಳೆಯವೂ ಒಳ್ಳೆಯ ಆಯ್ಕೆಯೇ. ನುಡಿಯಲ್ಲಿ ರೂಢಿಯಾದ ಕೀಲಿ ವಿನ್ಯಾಸ ಕಗಪ ಹೆಸರಿನಲ್ಲಿ ಅಲ್ಲೂ ಸಿಗುತ್ತದೆ. ಟ್ಯಾಲಿ ಬೇಕಾದವರು ಆ ಕಡೆ ಹೋಗಬಾರದು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅಂಗಡಿಯಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿಯ ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂದು ಎರಡು ಸಾಲುಗಳಿರುತ್ತವೆ. ಮೊದಲನೆಯದು 48,000, ಎರಡನೆಯದು 20,000 ಇದ್ದರೆ ಬ್ಯಾಟರಿಯ ಅರ್ಧಕ್ಕೂ ಹೆಚ್ಚು ಆಯಸ್ಸು ಕಳೆದಿದೆ ಎಂದರ್ಥ, ಹೊಸ ಬ್ಯಾಟರಿಯ ಬೆಲೆಯನ್ನು ಅಲ್ಲೇ ಚೌಕಾಸಿಯಲ್ಲಿ ಇಳಿಸಬೇಕು. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿಸಿ, ಬಯಾಸ್‌ಗೆ ಹೋಗಿ, ಹಳೆಯ ಕಂಪನಿಯ ಪಾಸ್‌ವರ್ಡ್ ಕೇಳುತ್ತದೆಯೇ ಎಂದು ನೋಡಿ. ಕೇಳಿದರೆ ವಾಪಸ್ ಕೊಟ್ಟುಬಿಡಿ. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಹೊಸದಾಗಲಿ ಹಳೆಯದಾಗಲಿ, ಅಗ್ಗದ ಪ್ಲಾಸ್ಟಿಕ್ ಮೈಯವು ಸೋಲುವ ಜಾಗ ಹಿಂಜ್. ಮುಚ್ಚಳವನ್ನು ಒಂದೇ ಮೂಲೆ ಹಿಡಿದು ಎತ್ತಿ ಎತ್ತಿ, ಒಳಗೆ ಸ್ಕ್ರೂ ಕೂರುವ ಪ್ಲಾಸ್ಟಿಕ್ ಗೂಟ ಸೀಳುತ್ತದೆ. ವಾರಂಟಿಯವರು ಅದನ್ನು ಬಳಸಿದವರ ತಪ್ಪೆಂದು ತಳ್ಳಿಹಾಕುವುದುಂಟು. ಗೌರಿಬಿದನೂರಿನಿಂದ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಆದ್ದರಿಂದ ಆನ್‌ಸೈಟ್ ವಾರಂಟಿ ಎಂದು ಬರೆದಿದ್ದರೆ ನಿಮ್ಮ ಊರಿನ ಪಿನ್‌ಕೋಡ್ ಅದರಲ್ಲಿ ಸೇರಿದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿ. ಲೆನೊವೊದ ಪಿಎಸ್‌ಆರ್‌ಇಎಫ್ ಪುಟದಲ್ಲಿ ಪ್ರತಿ ಮಾದರಿಯ ರ‍್ಯಾಮ್ ಬೆಸೆದದ್ದೋ ಸ್ಲಾಟಿನದೋ, ಬ್ಯಾಟರಿ ಎಷ್ಟು ವಾಟ್-ಅವರ್, ಪರದೆ ಎಷ್ಟು ನಿಟ್ಸ್ ಎಂಬುದೆಲ್ಲ ಇದೆ. ಡೆಲ್, ಎಚ್‌ಪಿಯವರ ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ ಹಿಂಬದಿ ಬಿಚ್ಚಿದ ಚಿತ್ರಗಳೇ ಸಿಗುತ್ತವೆ. ಮಾದರಿಯ ಪೂರ್ತಿ ಹೆಸರನ್ನು ಪೆಟ್ಟಿಗೆಯ ಮೇಲಿನ ಚೀಟಿಯಿಂದ ಓದಿ, ಹಣ ಕಟ್ಟುವ ಮುನ್ನ ಮಗಳ ಕೈಯಲ್ಲಿರುವ ಫೋನಿನಲ್ಲೇ ಇವನ್ನು ತೆರೆಸಿ ನೋಡಬಹುದು.