ಸೆಪ್ಟೆಂಬರಿನಾಚೆಯ ಸಂಡೂರು

ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಿ ಎಂದು ಗಾಂಧೀಜಿ ಹೇಳಿದ್ದರೆಂಬ ಮಾತು ಈ ಸೀಮೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದು. 1934ರಲ್ಲಿ ಅವರು ಇಲ್ಲಿಗೆ ಬಂದುಹೋಗಿದ್ದರು. ಆ ಒಂದು ಮಾತನ್ನು ಇಂದಿನ ಚಾರಣ ಬಳಗಗಳು ಪಂಚಾಂಗದಂತೆ ಪಾಲಿಸುತ್ತಿವೆ. ಮುಂಗಾರು ಹಿಡಿದು ಗುಡ್ಡ ಹಸಿರಾದೊಡನೆ ಹೊಸಪೇಟೆ, ಬಳ್ಳಾರಿ, ಬೆಂಗಳೂರುಗಳಿಂದ ವಾರಾಂತ್ಯದ ತಂಡಗಳು ಬರುತ್ತವೆ. ರಾಮಗಡದ ಮೇಲೆ ಮೋಡ ಇಳಿಯುವುದನ್ನೂ ಭೀಮಗಂಡಿಯಲ್ಲಿ ನಾರಿಹಳ್ಳ ಗುಡ್ಡ ಸೀಳಿಕೊಂಡು ಹೋಗುವುದನ್ನೂ ಕಣ್ತುಂಬಿಕೊಂಡು ಮರಳುತ್ತವೆ. ಹುಲ್ಲು ಒಣಗುವ ಹೊತ್ತಿಗೆ ಗುಡ್ಡ ಮತ್ತೆ ಕುರಿಗಾಹಿಗಳಿಗೆ, ಸೌದೆಯವರಿಗೆ, ಅದಿರಿನ ಲಾರಿಗಳಿಗೆ ಉಳಿಯುತ್ತದೆ. ಚಾರಣವನ್ನು ಒಂದು ಸಮುದಾಯದ ನಡೆಯೆಂದು ಒಪ್ಪಿ ಅದಕ್ಕೆ ಬೆಲೆ ಕಟ್ಟುವುದಾದರೆ, ಬಳಗವೊಂದು ಮಳೆಗಾಲದಲ್ಲಿ ಎಷ್ಟು ಶಿಖರ ಏರಿತು ಎಂಬ ಲೆಕ್ಕ ಸಾಲದು. ಫೆಬ್ರುವರಿಯಲ್ಲಿ ಅದು ಎಲ್ಲಿತ್ತು ಎಂದು ಕೇಳಬೇಕು. ಈ ಅಳತೆಗೋಲು ಹಿಡಿದರೆ ಸಂಡೂರಿನ ಚಾರಣ ಇನ್ನೂ ಅರ್ಧ ವರ್ಷದ ಕೆಲಸ.

ಇಲ್ಲಿನ ಕಾಲುದಾರಿಗಳನ್ನು ಮಾಡಿದವರು ಚಾರಣಿಗರಲ್ಲ. ಕುಮಾರಸ್ವಾಮಿ ಗುಡಿಗೆ, ಹರಿಶಂಕರ ತೀರ್ಥಕ್ಕೆ ನಡೆದ ಭಕ್ತರು, ಮೇವು ಅರಸಿ ಹೋದ ಕುರಿ ದನಗಳು ಸವೆಸಿದ ದಾರಿಗಳವು. ಅಂಥ ದಾರಿಗೆ ಒಂದು ಹದವಿರುತ್ತದೆ, ಸುತ್ತಿ ಬಳಸಿ ಏರುತ್ತದೆ. ಕಬ್ಬಿಣದಂಶದ ಕೆಂಪು ಮಣ್ಣು ಒಣಗಿದರೆ ಹಿಟ್ಟು, ನೆನೆದರೆ ಜಾರು. ಕೆಸರು ತಪ್ಪಿಸಲೆಂದು ಜನ ಪಕ್ಕದ ಹುಲ್ಲು ತುಳಿದರೆ ದಾರಿ ಅಗಲವಾಗುತ್ತದೆ. ಸುತ್ತು ಬಿಟ್ಟು ನೇರ ಇಳಿದರೆ ಮುಂದಿನ ಮಳೆಗೆ ಅಲ್ಲೊಂದು ಕೊರಕಲು ಬೀಳುತ್ತದೆ. ತಡೆಯುವ ಉಪಾಯ ದೊಡ್ಡದೇನಲ್ಲ. ದಾರಿಗೆ ಓರೆಯಾಗಿ ಕಲ್ಲು ಹೂಳಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು, ಒಳದಾರಿಯ ಬಾಯಿಗೆ ಮುಳ್ಳು ಹಾಕಬೇಕು. ಆದರೆ ಆ ಕೆಲಸಕ್ಕೆ ಕಾಲ ಮೇ ತಿಂಗಳು, ಉರಿಬಿಸಿಲಿನಲ್ಲಿ, ಮಳೆಗೆ ಮೊದಲು. ಬೆಂಕಿಯದೂ ಇದೇ ಕತೆ: ಮಳೆಗಾಲದಲ್ಲಿ ಎದೆಯುದ್ದ ಬೆಳೆದ ಹುಲ್ಲು ಶಿವರಾತ್ರಿಯ ಹೊತ್ತಿಗೆ ಒಂದು ಬೀಡಿಯ ಕಿಡಿಗೆ ಕಾದು ನಿಂತಿರುತ್ತದೆ. ಇನ್ನು ನೀಲಕುರಿಂಜಿ. ಪಶ್ಚಿಮಘಟ್ಟದಿಂದ ಇಷ್ಟು ದೂರದ ಈ ಗುಡ್ಡಗಳಲ್ಲೂ ಅದು ಬೆಳೆಯುತ್ತದೆ. 12 ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ ಅದು. ಹೂವಿನ ವರ್ಷ ಎಲ್ಲರೂ ಓಡಿಬರುತ್ತಾರೆ. ಉಳಿದ 11 ವರ್ಷ ಅದು ಬರೀ ಹಸಿರು ಪೊದೆ, ತುಳಿದವರಿಗೆ ತುಳಿದದ್ದೇ ಗೊತ್ತಾಗುವುದಿಲ್ಲ. ಹಸಿರಿನ ನಾಲ್ಕು ತಿಂಗಳು ಮಾತ್ರ ಗುಡ್ಡದ ಗುರುತಿರುವವರಿಗೆ ಈ ಗಿಡದ ಬದುಕು ಅರ್ಥವಾಗುವುದು ಹೇಗೆ?

ವರ್ಷವಿಡೀ ದಾರಿ ಕಾಯುವುದು ಹೊರನಾಡಿನ ಶೋಕಿ ಎನ್ನುವವರಿದ್ದಾರೆ. ಅಮೆರಿಕದ ಅಪಲೇಚಿಯನ್ ಹಾದಿಯ ಉದಾಹರಣೆ ಕೊಟ್ಟರೆ ಆ ಮಾತು ಬಂದೇ ಬರುತ್ತದೆ. 1925ರಲ್ಲಿ ಹುಟ್ಟಿದ ಒಂದು ಸಂಸ್ಥೆಯ ಆಸರೆಯಲ್ಲಿ, 14 ರಾಜ್ಯಗಳನ್ನು ದಾಟುವ ಸುಮಾರು 3,500 ಕಿಲೋಮೀಟರ್ ಹಾದಿಯನ್ನು ಅಲ್ಲಿನ ಚಾರಣ ಕ್ಲಬ್ಬುಗಳು ತುಂಡು ತುಂಡಾಗಿ ಹಂಚಿಕೊಂಡು ನೋಡಿಕೊಳ್ಳುತ್ತವೆ. ಆದರೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಹಂಪಿಯ ಬಂಡೆಗಳ ನಡುವೆ ಹರಿಯುವ ತುರ್ತು ಕಾಲುವೆ, ಕಂಪ್ಲಿಯ ಗದ್ದೆಗಳಿಗೆ ನೀರುಣಿಸುವ ಕಾಲುವೆ ವಿಜಯನಗರದ ಕಾಲದವು. ಅವು ಇಂದಿಗೂ ಹರಿಯುತ್ತಿರುವುದು ಕಟ್ಟಿದ ಅರಸರ ಹೆಸರಿನಿಂದಲ್ಲ, ನೀರು ನಿಲ್ಲಿಸಿದ ದಿನಗಳಲ್ಲಿ ಹೂಳೆತ್ತಿ, ಏರಿ ಕಟ್ಟಿ, ತೂಬು ನೋಡಿಕೊಂಡವರಿಂದ. ನೀರುಗಂಟಿ ಎಂಬ ಹುದ್ದೆಯನ್ನೇ ಕಂಡುಕೊಂಡ ಭಾಷೆ ನಮ್ಮದು. ನೀರಿನ ದಾರಿಗೊಬ್ಬ ಕಾವಲುಗಾರ ಬೇಕೆಂದು ಅರಿತವರು ಕಾಲಿನ ದಾರಿಗೂ ಅದನ್ನು ಒಪ್ಪುವುದು ಕಷ್ಟವಾಗಬಾರದು.

ಇದಕ್ಕಿಂತ ಭಾರವಾದ ಆಕ್ಷೇಪ ಗಣಿಯ ಕಡೆಯಿಂದ ಬರುತ್ತದೆ. ಒಂದು ಇಡೀ ಗುಡ್ಡ ಅದಿರಾಗಿ ಹೊರಟುಹೋಗುವ ನಾಡಿನಲ್ಲಿ ಎರಡು ಅಡಿ ಅಗಲದ ದಾರಿಗೆ ಕಲ್ಲು ಜೋಡಿಸಿ ಏನು ಬಂತು? ಪ್ರಶ್ನೆ ನ್ಯಾಯವಾದದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, 2013ರಲ್ಲಿ ಅತಿ ಹೆಚ್ಚು ಅಕ್ರಮ ಎಸಗಿದ ಗುತ್ತಿಗೆಗಳನ್ನು ರದ್ದುಪಡಿಸಿತು, ವಾರ್ಷಿಕ ಮಿತಿಯನ್ನೂ ಹೇರಿತು. ಆ ಮಿತಿ 2022ರಲ್ಲಿ 28ರಿಂದ 35 ದಶಲಕ್ಷ ಟನ್ನಿಗೆ ಏರಿದೆ. ಗಣಿಯನ್ನು ತಡೆದದ್ದು ಕಾನೂನಿನ ಹೋರಾಟವೇ ಹೊರತು ಚಾರಣವಲ್ಲ. ಆದರೆ ಕಾನೂನಿನ ಮುಂದೆ ನಿಲ್ಲುವುದು ದಾಖಲೆ, ಮತ್ತು ಗುಡ್ಡದ ದಾಖಲೆ ಹುಟ್ಟುವುದು ನಡಿಗೆಯಿಂದ. ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಕುರಿತು 1895ರಲ್ಲಿ ಪ್ರಕಟಿಸಿದ ಗ್ರಂಥ ಈ ಸೀಮೆಯನ್ನು ಸುತ್ತಿ, ಕಲ್ಲು ಕಲ್ಲನ್ನೂ ನೋಡಿ ಬರೆದದ್ದು. ಅದಿರು ಎಲ್ಲಿದೆ ಎಂದು ಲೋಕಕ್ಕೆ ತಿಳಿಸಿದ ನಡಿಗೆ ಇಷ್ಟು ಬಲವಾದದ್ದಾದರೆ, ಒರತೆ ಎಲ್ಲಿದೆ, ಯಾವ ತಿಂಗಳಲ್ಲಿ ಬತ್ತಿತು, ಯಾವ ದಾರಿ ಎಲ್ಲಿ ಕಡಿದುಹೋಯಿತು ಎಂದು ವರ್ಷ ವರ್ಷ ಬರೆದಿಡುವ ನಡಿಗೆ ದುರ್ಬಲವೆನ್ನುವುದು ಹೇಗೆ? 2024ರಲ್ಲಿ ದೇವದಾರಿಯ ಗಣಿಯ ಚರ್ಚೆ ಎದ್ದಾಗ ಹೆಚ್ಚಾಗಿ ಕೇಳಿಬಂದದ್ದು 400 ಹೆಕ್ಟೇರಿಗೂ ಮಿಕ್ಕ ಅರಣ್ಯ, ಒಂದು ಲಕ್ಷದಷ್ಟು ಮರ ಎಂಬ ಲೆಕ್ಕ. ಹೆಸರಿನಲ್ಲೇ ದಾರಿಯನ್ನು ಇಟ್ಟುಕೊಂಡ ಬೆಟ್ಟದ ದಾರಿಗಳ ಲೆಕ್ಕವನ್ನು ಕೊಡಬೇಕಾದವರು ಅಲ್ಲಿ ನಡೆದವರು. ಸಾವಿರಾರು ಫೋಟೊ ಇಟ್ಟುಕೊಂಡೂ ಒಂದು ದಿನಚರಿ ಪುಸ್ತಕವಿಲ್ಲದ ಬಳಗ ಆ ಹೊತ್ತಿಗೆ ಬರಿಗೈಯಲ್ಲಿ ನಿಲ್ಲುತ್ತದೆ. ಚಾರಣದ ಇಂದಿನ ರೂಢಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕೊರತೆ ಇದು.

ಬಳಗ ಬೆಳೆದಷ್ಟೂ ಜನ ಹೆಚ್ಚುತ್ತಾರೆ, ಕಾಡು ಕೆಡುತ್ತದೆ ಎಂಬ ಅಂಜಿಕೆಯೂ ಸುಳ್ಳಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಕಂಡ ನೂಕುನುಗ್ಗಲಿನ ಬಳಿಕವೇ ಅರಣ್ಯ ಇಲಾಖೆ ಚಾರಣಕ್ಕೆ ತಡೆಹಾಕಿ, ಆನ್‌ಲೈನ್ ಬುಕಿಂಗ್ ತಂದು, ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಇಟ್ಟದ್ದು. ಮಿತಿ ಬೇಕು. ಆದರೆ ತಲೆ ಎಣಿಸುವ ನಿಯಮ ಒಳಗೆ ಹೋದವರ ಸಂಖ್ಯೆ ಹೇಳುತ್ತದೆಯೇ ಹೊರತು ಅವರು ತುಳಿದ ದಾರಿಯನ್ನು ಸರಿಮಾಡುವವರು ಯಾರೆಂದು ಹೇಳುವುದಿಲ್ಲ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಕಲ್ಲು ಅಲುಗಿಸುವಂತಿಲ್ಲ ಎನ್ನುವುದೂ ನಿಜ. ಹಾಗಾಗಿ ಈ ಕೆಲಸ ಇಲಾಖೆಯ ಜೊತೆಗೇ, ಬೇಸಿಗೆಯ ಬೆಂಕಿ ಕಾವಲಿನವರೊಡನೆ ಕೈಜೋಡಿಸಿಯೇ ಆಗಬೇಕು. ಇದು ಉಳ್ಳವರ ವಾರಾಂತ್ಯದ ಹವ್ಯಾಸ, ಗಣಿ ಮತ್ತು ಕಾರ್ಖಾನೆಯೇ ಈ ಭಾಗದ ಅನ್ನ ಎಂಬ ಕೊನೆಯ ಮಾತಿಗೆ ಉತ್ತರ ವಡ್ಡು, ತೋರಣಗಲ್ಲಿನಂಥ ಊರುಗಳಲ್ಲೇ ಇದೆ. ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ ಬಾಳುವವರಿಗೆ ಧೂಳಿಲ್ಲದ ಒಂದು ಏರುದಾರಿ ಹವ್ಯಾಸಕ್ಕಿಂತ ಹೆಚ್ಚಿನದು. ಬಳಗದಲ್ಲಿ ಅವರಿಲ್ಲದಿದ್ದರೆ ತಪ್ಪು ಬಳಗದ್ದು. ಕುರಿಗಾಹಿಗೆ ಗೊತ್ತಿರುವ ದಾರಿಯ ಹೆಸರುಗಳನ್ನು ಕೇಳಿ ಬರೆದುಕೊಳ್ಳದ, ಲಂಬಾಣಿ ತಾಂಡಾದ ಹುಡುಗರನ್ನು ಮಾರ್ಗದರ್ಶಕರನ್ನಾಗಿ ಕರೆದು ತಕ್ಕ ಕೂಲಿ ಕೊಡದ ತಂಡ ಗುಡ್ಡವನ್ನು ಹತ್ತಿಳಿಯಿತೇ ಹೊರತು ಗುಡ್ಡದ ಊರನ್ನು ಮುಟ್ಟಲಿಲ್ಲ. ರಾಮಗಡದಲ್ಲಿ ಬ್ರಿಟಿಷರೂ ಒಮ್ಮೆ ಬಳ್ಳಾರಿಯ ಸೈನಿಕರಿಗಾಗಿ ಆರೋಗ್ಯಧಾಮ ಮಾಡಿಕೊಂಡಿದ್ದರು. ತಂಪು ಬೇಕಿದ್ದಷ್ಟು ಕಾಲ ಇದ್ದು, ಬಿಟ್ಟುಹೋದರು. ಈ ಬೇಸಿಗೆಯಲ್ಲಿ ಮೊದಲ ಓರೆಗಲ್ಲು ಹೂಳಲು ಅದೇ ರಾಮಗಡದ ಏರು ತಕ್ಕ ಜಾಗ.