‘ಮುಂತಾದ’ ಎಂಬ ಒಂದು ಮಾತು

ಮದುವೆಯ ನಿಮಿತ್ತ ಹುಟ್ಟಿದ ಕಾನೂನಿನ ಮಾತುಗಳಲ್ಲಿ ‘ಆಧಿವೇದನಿಕ’ದಷ್ಟು ಕಹಿಯಾದುದು ನನಗೆ ಇನ್ನೊಂದು ಕಂಡಿಲ್ಲ. ಹೆಂಡತಿ ಇರುವಾಗಲೇ ಮತ್ತೊಬ್ಬಳನ್ನು ತರುವುದು ಅಧಿವೇದನ. ಮೂಲೆಗೆ ಸರಿದ ಮೊದಲನೆಯವಳು ಅಧಿವಿನ್ನೆ. ಅವಳ ಕೈಗಿಡುವ ಪರಿಹಾರ ಆಧಿವೇದನಿಕ. ಯಾಜ್ಞವಲ್ಕ್ಯ ಸ್ಮೃತಿ ಅದಕ್ಕೆ ಲೆಕ್ಕವನ್ನೂ ಕೊಡುತ್ತದೆ. ಮೊದಲು ಸ್ತ್ರೀಧನ ಕೊಟ್ಟಿರದಿದ್ದರೆ ಹೊಸ ಮದುವೆಯ ಖರ್ಚಿನಷ್ಟು, ಕೊಟ್ಟಿದ್ದರೆ ಅರ್ಧ. ಸವತಿಯ ಚಪ್ಪರದ ಖರ್ಚಿನಿಂದ ಹೆಂಡತಿಯ ನೋವನ್ನು ಅಳೆದ ಜಾಣತನ!

ಇದೇ ಸ್ಮೃತಿ ಸ್ತ್ರೀಧನವನ್ನು ಎಣಿಸುತ್ತ ತಂದೆ, ತಾಯಿ, ಗಂಡ, ಸೋದರರು ಕೊಟ್ಟದ್ದು, ವಿವಾಹಾಗ್ನಿಯ ಮುಂದೆ ಬಂದದ್ದು ಎಂದೆಲ್ಲ ಹೇಳಿ, ಆಧಿವೇದನಿಕಕ್ಕೆ ಬಂದಾಗ ‘ಆದ್ಯ’, ಅಂದರೆ ‘ಮುಂತಾದ’, ಎಂದು ಸೇರಿಸಿ ಸುಮ್ಮನಾಗುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರ ಹಿಡಿದದ್ದು ಈ ‘ಮುಂತಾದ’ವನ್ನೇ. ದಾಯವಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ದಕ್ಕಿದ್ದು, ಸಿಕ್ಕಿದ್ದು ಎಲ್ಲವೂ ಅದರೊಳಗೆ ಎಂದ. ಸ್ತ್ರೀಧನವೆಂಬುದು ಪಾರಿಭಾಷಿಕ ಪದವಲ್ಲ, ಯೌಗಿಕ. ಹೆಣ್ಣಿನ ಧನವೆಲ್ಲ ಸ್ತ್ರೀಧನವೇ. ಟೀಕಾಕಾರರೆಂದರೆ ಕೂದಲು ಸೀಳುವವರೆಂದು ಮೂಗು ಮುರಿಯುವವರು ಈ ಭಾಗವನ್ನು ಓದಬೇಕು.

ಹಾಗೆಂದು ಅವನನ್ನು ಸ್ತ್ರೀಪಕ್ಷಪಾತಿಯೆಂದು ಮೆರೆಸುವುದೂ ಸಲ್ಲ. ಬರಗಾಲ, ಧರ್ಮಕಾರ್ಯ, ರೋಗ, ಸೆರೆ ಇವುಗಳಲ್ಲಿ ಗಂಡ ಬಳಸಿಕೊಂಡ ಸ್ತ್ರೀಧನವನ್ನು ಹಿಂದಿರುಗಿಸಬೇಕಾಗಿಲ್ಲ ಎಂಬ ಮೂಲದ ಮಾತನ್ನು ಅವನು ಅಲುಗಿಸಲಿಲ್ಲ. ಅವನ ಔದಾರ್ಯ ವ್ಯಾಕರಣದ್ದು.

ಅದಾದರೂ ಉಳಿಯಿತೇ? ಕೋಲ್‌ಬ್ರೂಕ್ 1810ರಲ್ಲಿ ಮಿತಾಕ್ಷರಾದ ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದಿದ್ದ. ಆದರೂ 1867ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಗಂಡನಿಂದ ವಿಧವೆಗೆ ಬಂದ ಆಸ್ತಿ ಸ್ತ್ರೀಧನವಲ್ಲ ಎಂದು ತೀರ್ಪಿತ್ತಿತು. ಬದುಕಿರುವ ತನಕ ಅನುಭವ. ಸತ್ತ ಮೇಲೆ ಅದು ಗಂಡನ ವಾರಸುದಾರರಿಗೆ. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಮಾತ್ರ, ತಂದೆಯಿಂದ ಮಗಳಿಗೆ ಬಂದುದು ಪೂರ್ತಿ ಅವಳದೇ ಎಂದುವು. ಧಾರವಾಡ, ಬೆಳಗಾವಿಯ ಹೆಣ್ಣುಮಕ್ಕಳಿಗೆ ಅಷ್ಟು ಭಾಗ್ಯ. ವಿಧವೆಗೆ ಅಲ್ಲಿಯೂ ಇಲ್ಲ. 1937ರ ಕಾಯಿದೆ ಅವಳಿಗೆ ಗಂಡನ ಪಾಲು ಕೊಟ್ಟಿತು, ಅದೂ ಹಯಾತಿಯ ತನಕ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮನ್ನು ಓದಿ ನೋಡಿ. ದಾಯ, ಪಾಲು, ದಾನ, ಖರೀದಿ – ಹೀಗೆ ಹೆಣ್ಣಿಗೆ ಬಂದ ಆಸ್ತಿಗೆ ಅವಳು ಪೂರ್ಣ ಒಡತಿ ಎನ್ನುವ ಆ ಪಟ್ಟಿ ಕಲ್ಯಾಣದ ಪಟ್ಟಿಗೆ ಎಷ್ಟು ಹತ್ತಿರ! ಊರಿನ ಹೊಲಮನೆಯ ಕಾಗದಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದ ನಮ್ಮ ಮನೆಗಳಲ್ಲಿ, ಅಜ್ಜಿಯ ಹೆಸರಿನ ಹಾಳೆ ಬಂದಾಗ ಇದು ಬರಿಯ ಪಾಂಡಿತ್ಯದ ಮಾತಾಗಿ ಉಳಿಯದು. ಅಧಿವೇದನವನ್ನಂತೂ ಮುಂಬಯಿಯ 1946ರ ಕಾಯಿದೆ ಮೊದಲೇ ತಡೆದಿತ್ತು. 1955ರಲ್ಲಿ ಹಿಂದೂಗಳಿಗೆಲ್ಲ ಅದು ನಿಷಿದ್ಧವಾಯಿತು.